ಎತ್ತಿನಗಾಡಿ ಯಾತ್ರೆ (ಮಂಡ್ಯ ಸೀಮೆ)

ಎತ್ತಿನಗಾಡಿ ಯಾತ್ರೆ ಎಂಬುದು ಮಂಡ್ಯ ಜಿಲ್ಲೆಯ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ರೈತ ಕುಟುಂಬಗಳು ಕಮಾನು ಕಟ್ಟಿದ ಗಾಡಿಯನ್ನೇ ಕೆಲವು ದಿನಗಳ ಮಟ್ಟಿಗೆ ಮನೆಯಾಗಿಸಿಕೊಂಡು ಜಾತ್ರೆ ಹಾಗೂ ಹರಕೆಗಳ ನಿಮಿತ್ತ ಕೈಗೊಳ್ಳುವ ಪ್ರಯಾಣ. ಮುತ್ತತ್ತಿ, ಚಿಕ್ಕಲ್ಲೂರು, ಕಪ್ಪಡಿ, ಮುಡುಕುತೊರೆ ಮುಂತಾದವು ಇಂತಹ ಯಾತ್ರೆಯ ಮುಖ್ಯ ಕ್ಷೇತ್ರಗಳು. ಇವುಗಳಲ್ಲಿ ಹೆಚ್ಚಿನವು ಕಾವೇರಿಯ ತೀರದಲ್ಲಿ ಅಥವಾ ಅದರ ಸಮೀಪದಲ್ಲಿವೆ. ಅಡುಗೆ, ನಿದ್ರೆ, ಹರಟೆ ಎಲ್ಲವೂ ಗಾಡಿಯಲ್ಲಿ ಅಥವಾ ಗಾಡಿಯ ನೆರಳಿನಲ್ಲಿ ನಡೆಯುವುದರಿಂದ, ಪಾಶ್ಚಾತ್ಯ ದೇಶಗಳ ಕ್ಯಾರವಾನ್ ಪ್ರವಾಸಕ್ಕೆ ಕನ್ನಡ ನಾಡಿನಲ್ಲಿ ಅತ್ಯಂತ ಹತ್ತಿರವಾದ ಪದ್ಧತಿ ಇದೆಂದು ಹೇಳಬಹುದು. ಮೋಟಾರು ವಾಹನಗಳ ಪ್ರಸಾರದಿಂದ ಈ ಪದ್ಧತಿ ಬಹುಮಟ್ಟಿಗೆ ಕ್ಷೀಣಿಸಿದೆಯಾದರೂ ಪೂರ್ಣವಾಗಿ ನಿಂತಿಲ್ಲ.

ಹಿನ್ನೆಲೆ

ಮಂಡ್ಯ ಜಿಲ್ಲೆಯು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು 1939ರಲ್ಲಿ ರಚನೆಯಾಯಿತು. ಅದಕ್ಕೆ ಬಹಳ ಹಿಂದಿನಿಂದಲೂ ಈ ಪ್ರದೇಶ ಬೆಂಗಳೂರು, ಶ್ರೀರಂಗಪಟ್ಟಣ ಮತ್ತು ಮೈಸೂರುಗಳ ನಡುವಿನ ಹೆದ್ದಾರಿಯ ಸೀಮೆಯಾಗಿತ್ತು. ಸೈನ್ಯ, ಸರಕು, ಯಾತ್ರಿಕರು ಎಲ್ಲರೂ ಎತ್ತುಗಳನ್ನೇ ಅವಲಂಬಿಸಿದ್ದರು. ಹಾದಿಯ ಪ್ರಯಾಣವು ಮೇವನ್ನು ಎಷ್ಟು ನೆಚ್ಚಿಕೊಂಡಿತ್ತೆಂಬುದಕ್ಕೆ ನಾಲ್ಕನೆಯ ಮೈಸೂರು ಯುದ್ಧವೇ ಸಾಕ್ಷಿ. 1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯವು ಅಪಾರ ಸಂಖ್ಯೆಯ ಎತ್ತುಗಳೊಡನೆ ಶ್ರೀರಂಗಪಟ್ಟಣದತ್ತ ಸಾಗಿದಾಗ, ಟಿಪ್ಪು ಸುಲ್ತಾನನು ದಾರಿಯ ಮೇವನ್ನು ನಾಶಪಡಿಸಿದನು. ಎತ್ತುಗಳು ಗುಂಪುಗುಂಪಾಗಿ ಸತ್ತವು, ಸೈನ್ಯದ ನಡಿಗೆ ನಿಧಾನವಾಯಿತು. ಅದೇ ವರ್ಷ ಮಾರ್ಚ್ 27ರಂದು ಮಳವಳ್ಳಿಯ ಬಳಿ ಕದನ ನಡೆಯಿತು. ಮರುವರ್ಷ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಳವಳ್ಳಿ, ಶಿವನಸಮುದ್ರಗಳನ್ನು ಕುರಿತು ಬರೆದಿದ್ದಾನೆ.

1882ರಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗ ಪೂರ್ಣಗೊಂಡ ಮೇಲೆ ದೂರದ ಸರಕು ಸಾಗಣೆ ರೈಲಿಗೆ ಹೋಯಿತು. ಆದರೆ ಮಂಡ್ಯ, ಮದ್ದೂರು ನಿಲ್ದಾಣಗಳಿಂದ ಒಳನಾಡಿಗೆ ಗಾಡಿಯೇ ಗತಿಯಾಗಿತ್ತು. ಮಳವಳ್ಳಿಗೆ ಇಂದಿಗೂ ರೈಲು ಬಂದಿಲ್ಲ. ಕೋಲಾರದ ಚಿನ್ನದ ಗಣಿಗಳಿಗಾಗಿ ಶಿವನಸಮುದ್ರದಲ್ಲಿ ನಿರ್ಮಿಸಿ 1902ರಲ್ಲಿ ಚಾಲನೆಗೊಂಡ ಜಲವಿದ್ಯುತ್ ಕೇಂದ್ರದ ಯಂತ್ರಭಾಗಗಳನ್ನು ಸಾಗಿಸಲು ಕೂಡ ಪ್ರಾಣಿಗಳ ಬಲವನ್ನೇ ನೆಚ್ಚಬೇಕಾಗಿತ್ತು. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಗಾಡಿಗಳ ಮಹತ್ವ ಕುಂದಲಿಲ್ಲ, ಹೆಚ್ಚಿತು. ಕಬ್ಬು ಸಾಗಿಸುವ ಒಳ್ಳೆಯ ಜೋಡೆತ್ತು ಮತ್ತು ಗಟ್ಟಿ ಗಾಡಿ ಮನೆಮನೆಯ ಆಸ್ತಿಯಾದವು. ಕಬ್ಬು ಅರೆಯುವಿಕೆ ಇಲ್ಲದ ಬಿಡುವಿನಲ್ಲಿ ಅದೇ ಗಾಡಿ ಯಾತ್ರೆಗೆ ಹೊರಡುತ್ತಿತ್ತು.

ಗಾಡಿ ಮತ್ತು ಎತ್ತು

ಯಾತ್ರೆಯ ಗಾಡಿ ಹೊಲದ ಗಾಡಿಯೇ ಆಗಿದ್ದರೂ ಅದರ ಸಿದ್ಧತೆ ಬೇರೆ. ಬಿದಿರಿನ ದಬ್ಬೆಗಳನ್ನು ಬಾಗಿಸಿ ಕಮಾನು ಕಟ್ಟಿ, ಅದರ ಮೇಲೆ ಬಿದಿರಿನ ತಟ್ಟಿ ಅಥವಾ ಚಾಪೆ ಹೊದಿಸಲಾಗುತ್ತದೆ. ಮಳೆಯ ಭಯವಿದ್ದರೆ ಮೇಲೊಂದು ಟಾರ್ಪಾಲು. ಗಾಡಿಯ ತಳಕ್ಕೆ ದಪ್ಪವಾಗಿ ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ ಹಾಸುತ್ತಾರೆ. ಈ ಹುಲ್ಲು ಪ್ರಯಾಣಿಕರಿಗೆ ಮೆತ್ತೆ, ಎತ್ತುಗಳಿಗೆ ಮೇವು. ದಿನ ಕಳೆದಂತೆ ಎತ್ತುಗಳು ಹಾಸಿಗೆಯನ್ನು ತಿನ್ನುತ್ತ ಬರುವುದರಿಂದ, ಮರಳುವ ಹಾದಿಯಲ್ಲಿ ಗಾಡಿಯ ಕುಲುಕು ಬೆನ್ನಿಗೆ ಚೆನ್ನಾಗಿ ತಿಳಿಯುತ್ತದೆ. ಅಚ್ಚಿನ ಕೆಳಗೆ ಲಾಟೀನು, ಹಿಂಬದಿಯಲ್ಲಿ ನೀರಿನ ಬಿಂದಿಗೆ, ಮೂಲೆಯಲ್ಲಿ ರಾಗಿ ಹಿಟ್ಟು, ಹುರಿಹಿಟ್ಟು, ಉಪ್ಪು, ಮೆಣಸಿನಕಾಯಿಗಳ ಗಂಟು, ಎತ್ತಿಗೆ ಹುರುಳಿ ಮತ್ತು ಹಿಂಡಿ, ಗಾಲಿಗೆ ಕೀಲೆಣ್ಣೆ: ಇಷ್ಟಿದ್ದರೆ ಒಂದು ಸಂಸಾರ ವಾರದ ಹಾದಿಗೆ ಸಿದ್ಧ.

ಎತ್ತುಗಳು ಬಹುತೇಕ ಹಳ್ಳಿಕಾರ್ ತಳಿಯವು. ನೀಳವಾದ ಕೊಂಬು, ಬಿಗಿಯಾದ ಮೈಕಟ್ಟು, ಬಿಸಿಲಿಗೆ ಜಗ್ಗದ ನಡಿಗೆ ಈ ತಳಿಯ ಲಕ್ಷಣಗಳು. ಹೊರಡುವ ಮುನ್ನ ಗೊರಸಿಗೆ ಲಾಳ ಕಟ್ಟಿಸಿ, ಮೈ ತೊಳೆದು, ಕೊಂಬಿನ ತುದಿಗೆ ಹಿತ್ತಾಳೆಯ ಕೋಡಣಸು, ಕೊರಳಿಗೆ ಗಂಟೆಸರ ಕಟ್ಟುತ್ತಾರೆ. ಗಂಟೆಗೆ ಅಲಂಕಾರಕ್ಕಿಂತ ಹೆಚ್ಚಿನ ಉಪಯೋಗವಿದೆ. ಕತ್ತಲೆಯಲ್ಲಿ ಹಿಂದಿನ ಗಾಡಿಗೆ ಮುಂದಿನ ಗಾಡಿಯ ಸುಳಿವು ಸಿಗುವುದು ಅದರಿಂದಲೇ.

ಭಾರ ಹೊತ್ತ ಗಾಡಿಯ ವೇಗ ಗಂಟೆಗೆ ಮೂರು ನಾಲ್ಕು ಕಿಲೋಮೀಟರಿಗಿಂತ ಹೆಚ್ಚಿಲ್ಲ. ದಿನಕ್ಕೆ 20ರಿಂದ 25 ಕಿಲೋಮೀಟರು ನಡೆದರೆ ಅದು ಒಳ್ಳೆಯ ಪಯಣ. ನಸುಕಿಗೆ ಮುಂಚೆ ಹೂಡಿ, ಬಿಸಿಲೇರಿದಾಗ ಕೊರಳು ಬಿಚ್ಚಿ, ಇಳಿಹೊತ್ತಿನಲ್ಲಿ ಮತ್ತೆ ಹೂಡುವುದು ವಾಡಿಕೆ. ಈ ಹಳೆಯ ವಾಡಿಕೆಗೂ ಇಂದಿನ ಕಾನೂನಿಗೂ ಹೆಚ್ಚು ವ್ಯತ್ಯಾಸವಿಲ್ಲ. 1965ರ ಕೇಂದ್ರ ನಿಯಮಗಳ ಪ್ರಕಾರ ಭಾರ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚಾಗಿ, ವಿಶ್ರಾಂತಿಯಿಲ್ಲದೆ 5 ಗಂಟೆಗಿಂತ ಹೆಚ್ಚಾಗಿ ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ.

ಮುಖ್ಯ ಕ್ಷೇತ್ರಗಳು ಮತ್ತು ಹಾದಿಗಳು

ಮುತ್ತತ್ತಿಯು ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ಕ್ಷೇತ್ರ. ಇಲ್ಲಿಯ ದೇವರು ಮುತ್ತೆತ್ತರಾಯ, ಅಂದರೆ ಆಂಜನೇಯ. ಸೀತೆಯ ಮೂಗುತಿಯ ಮುತ್ತು ನದಿಯಲ್ಲಿ ಜಾರಿ ಬಿದ್ದಾಗ ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂಬುದು ಸ್ಥಳಪುರಾಣ. ಮದ್ದೂರು ಕಡೆಯ ಗಾಡಿಗಳು ಭಾರತೀನಗರದ ಮೂಲಕ ಮಳವಳ್ಳಿಗೆ ಬಂದು, ಹಲಗೂರನ್ನು ದಾಟಿ, ಕಾಡಿನ ಇಳಿಜಾರಿನಲ್ಲಿ ಹೊಳೆಗೆ ಇಳಿಯುತ್ತವೆ. ಬಯಲುಸೀಮೆಯ ರಾಗಿ ಹೊಲ, ನಾಲೆ ಬಯಲಿನ ಕಬ್ಬು ಮತ್ತು ಭತ್ತ, ಬಳಿಕ ಬಿದಿರು ಮತ್ತು ಕುರುಚಲು ಕಾಡು, ಕೊನೆಗೆ ಮತ್ತಿಮರಗಳ ನೆರಳಿನ ಹೊಳೆದಂಡೆ: ಎರಡು ಮೂರು ದಿನದ ಹಾದಿಯಲ್ಲಿ ಜಿಲ್ಲೆಯ ಭೂಗೋಳವೆಲ್ಲ ಕಣ್ಣಿಗೆ ಬೀಳುತ್ತದೆ. ಬಸ್ಸಿನಲ್ಲಿ ಕೆಲವೇ ಗಂಟೆಗಳಲ್ಲಿ ಹೋದವರಿಗೆ ಈ ಬದಲಾವಣೆ ಅಷ್ಟಾಗಿ ಗೋಚರಿಸುವುದಿಲ್ಲ.

ಮಂಟೇಸ್ವಾಮಿ ಪರಂಪರೆಯ ಜಾತ್ರೆಗಳು ಗಾಡಿ ಯಾತ್ರೆಗೆ ಇನ್ನೊಂದು ದೊಡ್ಡ ನಿಮಿತ್ತ. ಈ ಪರಂಪರೆಯ ಮಠಗಳಲ್ಲೊಂದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಈಗಿನ ಚಾಮರಾಜನಗರ ಜಿಲ್ಲೆಯಲ್ಲಿದ್ದು, ಅಲ್ಲಿಗೆ ಹೋಗಲು ಶಿವನಸಮುದ್ರದ ಆಸುಪಾಸಿನಲ್ಲಿ ಕಾವೇರಿಯನ್ನು ದಾಟಬೇಕು. ಪುಷ್ಯ ಮಾಸದ ಹುಣ್ಣಿಮೆಯಂದು ಚಂದ್ರಮಂಡಲದೊಂದಿಗೆ ಆರಂಭವಾಗುವ ಜಾತ್ರೆ ಐದು ದಿನ ನಡೆಯುತ್ತದೆ. ಸುಗ್ಗಿ ಮುಗಿದಿರುತ್ತದೆ, ಹೊಸ ಹುಲ್ಲು ಮೆದೆಯಾಗಿರುತ್ತದೆ, ಹೋಗುವ ದಾರಿಯಲ್ಲಿ ಬೆಳದಿಂಗಳೂ ಇರುತ್ತದೆ. ದೀಪವಿಲ್ಲದ ಕಾಲದ ರಸ್ತೆಗೆ ಇದಕ್ಕಿಂತ ಅನುಕೂಲವಾದ ತಿಥಿ ಬೇರೆಯಿಲ್ಲ. ರಾಚಪ್ಪಾಜಿಯ ಗದ್ದುಗೆಯಿರುವ ಕಪ್ಪಡಿ ಕ್ಷೇತ್ರ ಕೃಷ್ಣರಾಜನಗರ ಸೀಮೆಯ ಕಾವೇರಿ ತೀರದಲ್ಲಿದೆ. ಅಲ್ಲಿಯ ಜಾತ್ರೆ ಶಿವರಾತ್ರಿಯಿಂದ ಯುಗಾದಿಯವರೆಗೆ ನಡೆಯುವುದರಿಂದ, ಪ್ರತಿ ಊರಿನವರೂ ತಮಗೆ ಅನುಕೂಲವಾದ ದಿನಗಳನ್ನು ಆರಿಸಿಕೊಳ್ಳಬಹುದು. ಮಂಡ್ಯದಿಂದ ಅದು ಮೂರು ನಾಲ್ಕು ದಿನಗಳ ಗಾಡಿ ಹಾದಿ.

ತಲಕಾಡಿನ ಬಳಿಯ ಮುಡುಕುತೊರೆ ಮಲ್ಲಿಕಾರ್ಜುನನ ಜಾತ್ರೆಯ ದನಗಳ ಪರಿಷೆಗೆ ಹೋಗುವವರ ಉದ್ದೇಶದಲ್ಲಿ ಭಕ್ತಿಯೊಡನೆ ವ್ಯಾಪಾರವೂ ಸೇರಿರುತ್ತದೆ. ಹೋಗುವಾಗ ಒಂದು ಜೋಡಿ, ಬರುವಾಗ ಇನ್ನೊಂದು ಜೋಡಿ ಎತ್ತು ಗಾಡಿಗೆ ಕಟ್ಟಿರುವುದು ಅಪರೂಪವಲ್ಲ.

ಬಿಡಾರ

ಗಾಡಿ ಯಾತ್ರೆಯ ನಿಜವಾದ ಸ್ವಾರಸ್ಯ ನಡಿಗೆಗಿಂತ ಬಿಡಾರದಲ್ಲಿದೆ. ಕನ್ನಡದಲ್ಲಿ ತಂಗುವಿಕೆಗೆ ಸಂಬಂಧಿಸಿದ ಮಾತುಗಳು ಹಲವು: ಬೀಡು, ಬಿಡಾರ, ಬಿಡದಿ, ತಂಗುದಾಣ, ಛತ್ರ. ಮದುವೆಯಲ್ಲಿ ಬೀಗರು ಇಳಿದುಕೊಳ್ಳುವ ಮನೆಯನ್ನು ಬಿಡದಿ ಎನ್ನುತ್ತಾರೆ. ಬೆಂಗಳೂರು–ಮೈಸೂರು ಹಾದಿಯಲ್ಲಿ ಅದೇ ಹೆಸರಿನ ಊರೊಂದಿರುವುದನ್ನು ಇಲ್ಲಿ ನೆನೆಯಬಹುದು.

ಬಿಡಾರಕ್ಕೆ ಬೇಕಾದುದು ನೀರು, ನೆರಳು ಮತ್ತು ಯಾರ ಅಪ್ಪಣೆಯೂ ಬೇಡದ ಒಂದಿಷ್ಟು ನೆಲ. ಕೆರೆಯಂಗಳ, ಊರ ಮುಂದಿನ ಗುಂಡುತೋಪು, ಗೋಮಾಳ, ಹೊಳೆದಂಡೆಯ ಮರಳು ಇವುಗಳನ್ನು ಒದಗಿಸುತ್ತಿದ್ದವು. ಕಲ್ಲುಬಾನಿಯಿರುವ ಬಾವಿಯ ಬಳಿಯ ತೋಪು ಸಿಕ್ಕರೆ ಅದು ಉತ್ತಮ ತಂಗುದಾಣ. ಗಾಡಿಗಳನ್ನು ಸಾಲಾಗಿ ಅಥವಾ ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿ, ನೊಗ ಇಳಿಸಿ, ಎತ್ತುಗಳಿಗೆ ಮೊದಲು ನೀರು ಮೇವು ಕೊಟ್ಟ ಮೇಲೆಯೇ ಮನುಷ್ಯರ ಊಟದ ಮಾತು. ಮೂರು ಕಲ್ಲಿನ ಒಲೆಯ ಮೇಲೆ ಮುದ್ದೆ ತಿರುವಿ, ಅವರೆಕಾಯಿಯ ಅಥವಾ ಹುರುಳಿಯ ಸಾರು ಮಾಡುತ್ತಾರೆ. ಕ್ಷೇತ್ರವನ್ನು ತಲುಪಿದ ಮೇಲೆ ಹರಕೆಗೆ ತಕ್ಕಂತೆ ಸಿಹಿಯೂಟವೋ ಬಾಡೂಟವೋ ನಡೆಯುತ್ತದೆ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸಿ ಬಡಿಸುವುದು ರೂಢಿ.

ಚಿಕ್ಕಲ್ಲೂರು, ಕಪ್ಪಡಿಗಳ ಬಿಡಾರಗಳಲ್ಲಿ ರಾತ್ರಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯವನ್ನು ಹಾಡುತ್ತಾರೆ. ಅಚ್ಚಾದ ಪುಸ್ತಕದಲ್ಲಿ ಈ ಕಾವ್ಯವನ್ನು ಓದಿದ ವಿದ್ಯಾರ್ಥಿಗಳು, ಗಾಡಿಗಳ ನಡುವೆ ಚಳಿಗೆ ಕಂಬಳಿ ಹೊದ್ದು ಕುಳಿತ ಕೇಳುಗರೇ ಅದರ ಮೂಲ ಸಭೆ ಎಂಬುದನ್ನು ಗಮನದಲ್ಲಿಡಬೇಕು. ಹಾಡುವವರಿಗೂ ಕೇಳುವವರಿಗೂ ಮರುದಿನ ಬೆಳಿಗ್ಗೆ ಹಿಡಿಯಬೇಕಾದ ಬಸ್ಸಿರಲಿಲ್ಲ. ಕಥೆ ದೀರ್ಘವಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹೆಣ್ಣುಮಕ್ಕಳ ಪಾಲಿಗೆ ಈ ಯಾತ್ರೆಗೆ ವಿಶೇಷ ಅರ್ಥವಿತ್ತು. ಹೊಲ, ಕೊಟ್ಟಿಗೆ, ಅಡುಗೆಮನೆಗಳಾಚೆ ಅವರು ಹೊರಜಗತ್ತನ್ನು ಕಾಣುತ್ತಿದ್ದ ಕೆಲವೇ ಸಂದರ್ಭಗಳಲ್ಲಿ ಇದೊಂದು. ನೆಂಟರ ಊರು ಹಾದಿಯಲ್ಲಿದ್ದರೆ ಅಲ್ಲೊಂದು ರಾತ್ರಿ ತಂಗುವುದು, ತವರಿನ ಸುದ್ದಿ ಕೇಳುವುದು, ಮಕ್ಕಳಿಗೆ ಹೆಣ್ಣು ಗಂಡು ನೋಡುವುದು ಎಲ್ಲವೂ ಯಾತ್ರೆಯ ಭಾಗವಾಗಿತ್ತು. ಆದರೆ ಒಲೆ ಹೊತ್ತಿಸುವ, ನೀರು ಹೊರುವ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವರನ್ನು ಬಿಟ್ಟು ಮನೆಯಲ್ಲಿ ಉಳಿಯುತ್ತಿರಲಿಲ್ಲ. ಬಯಲಿನ ಬಿಡಾರದಲ್ಲಿ ಸ್ನಾನಕ್ಕೂ ಶೌಚಕ್ಕೂ ಮರೆಯಿಲ್ಲದೆ, ಕತ್ತಲಾಗುವುದನ್ನೋ ಬೆಳಗಾಗುವ ಮುನ್ನಿನ ಹೊತ್ತನ್ನೋ ಕಾಯಬೇಕಾಗಿತ್ತು. ಹಳೆಯ ಯಾತ್ರೆಗಳನ್ನು ಕೊಂಡಾಡುವ ಬರಹಗಳಲ್ಲಿ ಈ ಸಂಗತಿ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ತೊಡಕುಗಳು ಮತ್ತು ಅಪಾಯಗಳು

ಹೊಳೆಯ ಸೊಬಗಿನೊಡನೆ ಹೊಳೆಯ ಅಪಾಯವೂ ಸೇರಿದೆ. ಮುತ್ತತ್ತಿಯಲ್ಲಿ ಕಾವೇರಿ ಬಂಡೆಗಳ ನಡುವೆ ಹರಿಯುತ್ತದೆ. ಮೇಲೆ ಶಾಂತವಾಗಿ ಕಾಣುವ ಕಡೆಯಲ್ಲೇ ಸುಳಿ ಮತ್ತು ಆಳದ ಮಡುಗಳಿದ್ದು, ಸ್ನಾನಕ್ಕೆ ಇಳಿದವರು ಮುಳುಗಿ ಸತ್ತ ಪ್ರಕರಣಗಳು ಮತ್ತೆ ಮತ್ತೆ ವರದಿಯಾಗಿವೆ. ನದಿಯ ಈ ಭಾಗದಲ್ಲಿ ಮೊಸಳೆಗಳೂ ಇವೆ. ಹೊಸ ವರ್ಷದ ಆಸುಪಾಸಿನಲ್ಲಿ ಮುತ್ತತ್ತಿ, ಬಲಮುರಿ ಮುಂತಾದ ನದಿತೀರದ ತಾಣಗಳಿಗೆ ಜಿಲ್ಲಾಡಳಿತವು ಪ್ರವೇಶ ನಿರ್ಬಂಧಿಸುವುದುಂಟು. ಹೊಳೆಯನ್ನು ಬಲ್ಲ ಹಿರಿಯರು ತಂಡದಲ್ಲಿದ್ದಾಗ, ಎತ್ತು ತೊಳೆಯುವ ಕಡೆಯಲ್ಲೇ ಮನುಷ್ಯರೂ ಮೀಯಬೇಕೆಂಬ ಕಟ್ಟಳೆ ಇರುತ್ತಿತ್ತು. ಎತ್ತು ಕಾಲೂರಿ ನಿಲ್ಲುವ ಆಳವನ್ನು ಮಾತ್ರ ನಂಬಬೇಕೆಂಬುದು ಅದರ ತರ್ಕ.

ಎರಡನೆಯದು ಕಾಡು. ಮುತ್ತತ್ತಿಯ ಸುತ್ತಲಿನ ಅರಣ್ಯ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ಆನೆಗಳ ಓಡಾಟವಿರುವ ಈ ಹಾದಿಯಲ್ಲಿ ರಾತ್ರಿ ಗಾಡಿ ಹೊಡೆಯುವುದು ಹಿಂದೆಯೂ ಕ್ಷೇಮವಾಗಿರಲಿಲ್ಲ, ಇಂದು ಅದಕ್ಕೆ ಅವಕಾಶವೂ ಇಲ್ಲ. ಬೆಂಕಿ ಹೊತ್ತಿಸುವುದು, ಸೌದೆ ಆಯುವುದು, ಎತ್ತುಗಳನ್ನು ಮೇಯಲು ಬಿಡುವುದು ಒಂದು ಕಾಲದಲ್ಲಿ ಬಿಡಾರದ ಸಹಜ ಕೆಲಸಗಳಾಗಿದ್ದವು. ವನ್ಯಜೀವಿಧಾಮದ ಒಳಗೆ ಅವು ಅಪರಾಧಗಳಾಗುತ್ತವೆ. ಕಾಡಿನ ರಕ್ಷಣೆಗೆ ಈ ನಿಯಮ ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ಯಾತ್ರಿಕರು ಬಿಟ್ಟುಹೋಗುವ ಪ್ಲಾಸ್ಟಿಕ್ ತಟ್ಟೆ ಲೋಟ, ಒಡೆದ ಬಾಟಲಿಗಳನ್ನು ಕಂಡವರಿಗೆ ಅದು ಇನ್ನಷ್ಟು ಮನವರಿಕೆಯಾಗುತ್ತದೆ. ಮುತ್ತುಗದ ಎಲೆಯಲ್ಲಿ ಉಂಡು ಹೋಗುತ್ತಿದ್ದ ಕಾಲದಲ್ಲಿ ಕಸದ ಪ್ರಶ್ನೆ ಈ ಪ್ರಮಾಣದಲ್ಲಿರಲಿಲ್ಲ.

ಚಿಕ್ಕಲ್ಲೂರು ಮತ್ತು ಕಪ್ಪಡಿಗಳಲ್ಲಿ ಮತ್ತೊಂದು ಬಗೆಯ ತಿಕ್ಕಾಟವಿದೆ. 1959ರ ಪ್ರಾಣಿಬಲಿ ನಿಷೇಧ ಕಾಯಿದೆಯನ್ನು ಜಾರಿಗೊಳಿಸಲು ಆಡಳಿತವು ಹಾದಿಯಲ್ಲಿ ತಪಾಸಣೆ ನಡೆಸಿ, ಕುರಿ ಕೋಳಿಗಳನ್ನು ಒಯ್ಯುವ ವಾಹನಗಳನ್ನು ತಡೆಯುತ್ತದೆ. ದೇವರ ಮುಂದೆ ಬಲಿ ಕೊಡುವುದಿಲ್ಲ, ಬಿಡಾರದಲ್ಲಿ ಅಡುಗೆ ಮಾಡಿ ಪಂಕ್ತಿಯಲ್ಲಿ ಉಣ್ಣುತ್ತೇವೆ, ಇದು ಆಹಾರದ ಹಕ್ಕು ಎಂಬುದು ಭಕ್ತರ ವಾದ. ಬಿಡಾರವು ಕ್ಷೇತ್ರದ ಭಾಗವೋ, ಯಾತ್ರಿಕನ ಮನೆಯೋ ಎಂಬ ಪ್ರಶ್ನೆಯೇ ಈ ವಿವಾದದ ತಿರುಳು.

ಎತ್ತುಗಳ ಆರೋಗ್ಯವೂ ಯಾತ್ರೆಯನ್ನು ತಡೆಯುವುದುಂಟು. ಊರೂರಿನ ದನಗಳು ಒಂದೆಡೆ ಸೇರುವ ಜಾತ್ರೆಯಲ್ಲಿ ಕಾಲುಬಾಯಿ ಜ್ವರ ಬೇಗ ಹರಡುತ್ತದೆ. 2022ರಲ್ಲಿ ಚರ್ಮಗಂಟು ರೋಗ ಕಾಣಿಸಿಕೊಂಡಾಗ ರಾಜ್ಯದ ಹಲವೆಡೆ ದನಗಳ ಜಾತ್ರೆ ಹಾಗೂ ಸಾಗಣೆಯನ್ನು ನಿಷೇಧಿಸಲಾಯಿತು. ಒಂದು ಎತ್ತು ಸತ್ತರೆ ಜೋಡಿ ಮುರಿಯುತ್ತದೆ, ಹೊಂದುವ ಮತ್ತೊಂದು ಎತ್ತು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ರೋಗದ ಸುದ್ದಿ ಕೇಳಿದ ರೈತ ಹರಕೆಯನ್ನು ಮುಂದೂಡುತ್ತಾನೆಯೇ ಹೊರತು ಎತ್ತನ್ನು ಅಪಾಯಕ್ಕೆ ಒಡ್ಡುವುದಿಲ್ಲ.

ರಸ್ತೆಯ ಬದಲಾವಣೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಸ್ಸು, ಬಳಿಕ ಟ್ರ್ಯಾಕ್ಟರು ಗಾಡಿಯ ಸ್ಥಾನವನ್ನು ಪಡೆದವು. ಟೈರಿನ ಗಾಲಿಯ ಗಾಡಿ ಬಂದು ಎತ್ತಿನ ಶ್ರಮ ಕಡಿಮೆಯಾಯಿತಾದರೂ, ಉಳುಮೆಯೇ ಟ್ರ್ಯಾಕ್ಟರಿನದಾದ ಮೇಲೆ ಎತ್ತು ಸಾಕುವುದು ದುಬಾರಿಯಾಯಿತು. ಯಾತ್ರೆಗಾಗಿಯೇ ವರ್ಷಪೂರ್ತಿ ಎತ್ತು ಕಟ್ಟಿಕೊಳ್ಳುವುದು ಸಣ್ಣ ಹಿಡುವಳಿದಾರನಿಗೆ ಸಾಧ್ಯವಿಲ್ಲ.

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದರು. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್ ಹಾಗೂ ಮೋಟಾರು ರಹಿತ ವಾಹನಗಳ ಸಂಚಾರವನ್ನು ನಿಷೇಧಿಸಲಾಗಿದೆ. ಗಾಡಿಗಳಿಗೆ ಉಳಿದಿರುವುದು ಸರ್ವಿಸ್ ರಸ್ತೆ ಮತ್ತು ಕೆಳಸೇತುವೆಗಳು. ವೇಗದ ವಾಹನಗಳ ನಡುವೆ ಗಾಡಿ ಹೊಡೆಯುವುದಕ್ಕಿಂತ ಇದು ಸುರಕ್ಷಿತವೇ. ಆದರೆ ಸರ್ವಿಸ್ ರಸ್ತೆಯ ಬದಿಯಲ್ಲಿ ಮರವಿಲ್ಲ, ಬಾವಿಯಿಲ್ಲ, ಗಾಡಿ ಬಿಡುವ ಜಾಗವಿಲ್ಲ. ಒಳದಾರಿಗಳಲ್ಲಿಯೂ ಸ್ಥಿತಿ ಬಹಳ ಭಿನ್ನವಲ್ಲ. ಗುಂಡುತೋಪುಗಳು ಸಂತೆಮಾಳವೋ, ನಿವೇಶನವೋ, ಸರ್ಕಾರಿ ಕಟ್ಟಡವೋ ಆಗಿವೆ. ಗೋಮಾಳ ಕರಗಿದೆ, ಬಾವಿಗಳು ಬತ್ತಿವೆ. ಶಿವನಸಮುದ್ರದಲ್ಲಿ ತಲೆಮಾರುಗಳ ಕಾಲ ಬಳಕೆಯಲ್ಲಿದ್ದ ಕಲ್ಲಿನ ವೆಸ್ಲಿ ಸೇತುವೆ 2018ರ ಪ್ರವಾಹದಲ್ಲಿ ಹಾನಿಗೊಂಡಿತು. ಗಾಡಿ ಮತ್ತು ಎತ್ತು ಉಳಿದಿರುವ ಊರುಗಳಲ್ಲೂ ಯಾತ್ರೆ ನಿಂತಿರುವುದಕ್ಕೆ ತಂಗುವ ನೆಲದ ಈ ಅಭಾವವೇ ಪ್ರಬಲ ಕಾರಣ.

ಕ್ಯಾರವಾನ್ ಪ್ರವಾಸದೊಡನೆ ಹೋಲಿಕೆ

ವಿನೋದಕ್ಕಾಗಿಯೇ ನಿರ್ಮಿಸಿದ ಮೊದಲ ಕ್ಯಾರವಾನ್ ಎಂದು ಸಾಮಾನ್ಯವಾಗಿ ಗುರುತಿಸುವುದು ಇಂಗ್ಲೆಂಡಿನ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಕಟ್ಟಿಸಿಕೊಂಡ ‘ವಾಂಡರರ್’ ಎಂಬ ಕುದುರೆಗಾಡಿಯನ್ನು. 1907ರಲ್ಲಿ ಅಲ್ಲಿ ಕ್ಯಾರವಾನ್ ಕ್ಲಬ್ ಸ್ಥಾಪನೆಯಾಯಿತು. ಮೋಟಾರು ಬಂದ ಮೇಲೆ ಅಡುಗೆಮನೆ, ಹಾಸಿಗೆ, ಶೌಚಾಲಯಗಳನ್ನು ಒಳಗೊಂಡ ವಾಹನಗಳು ಅಮೆರಿಕ, ಯೂರೋಪುಗಳಲ್ಲಿ ಜನಪ್ರಿಯವಾದವು. ಭಾರತದಲ್ಲಿ ಕೇರಳವು 2021ರಲ್ಲಿ ‘ಕೇರವಾನ್ ಕೇರಳ’ ಯೋಜನೆಯನ್ನು ಪ್ರಕಟಿಸಿ, ವಾಹನಗಳ ಜೊತೆಗೆ ಅವು ತಂಗುವ ಉದ್ಯಾನಗಳಿಗೂ ಪ್ರೋತ್ಸಾಹ ನೀಡಿತು. ಕರ್ನಾಟಕದ 2020–25ರ ಪ್ರವಾಸೋದ್ಯಮ ನೀತಿಯಲ್ಲಿಯೂ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನವಿತ್ತು.

ಬೆಂಗಳೂರಿನಿಂದ ಬಾಡಿಗೆಗೆ ದೊರೆಯುವ ಇಂತಹ ವಾಹನಕ್ಕೆ ಶಿವನಸಮುದ್ರದ ಗಗನಚುಕ್ಕಿ, ಕೊಕ್ಕರೆ ಬೆಳ್ಳೂರು, ಮೇಲುಕೋಟೆಗಳು ಒಂದೇ ದಿನದಲ್ಲಿ ತಲುಪಬಹುದಾದ ದೂರದಲ್ಲಿವೆ. ಹೋಟೆಲಿನ ಹಂಗಿಲ್ಲದೆ ಬೇಕಾದಲ್ಲಿ ನಿಲ್ಲಬಹುದೆಂಬುದು, ವೃದ್ಧರಿಗೂ ಮಹಿಳೆಯರಿಗೂ ಶೌಚಾಲಯ ಕೈಯಳತೆಯಲ್ಲಿರುವುದು ಇದರ ದೊಡ್ಡ ಅನುಕೂಲ. ಕಮಾನು ಗಾಡಿ ಈ ಎರಡನೆಯದನ್ನು ಎಂದೂ ಕೊಡಲಾರದಾಗಿತ್ತು. ಅನನುಕೂಲಗಳೂ ಇವೆ. ಬಾಡಿಗೆ ಮತ್ತು ಇಂಧನದ ವೆಚ್ಚ ಹೆಚ್ಚು, ಎತ್ತರದ ವಾಹನ ಹಳ್ಳಿಯ ರಸ್ತೆಗೆ ಬಾಗಿದ ಕೊಂಬೆ ಮತ್ತು ತಂತಿಗಳಿಗೆ ತಾಗುತ್ತದೆ, ಕಬ್ಬಿನ ಕಾಲದಲ್ಲಿ ಎದುರಿನಿಂದ ತುಂಬಿದ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೂ ಹೋಗಲಾಗದು. ಎಲ್ಲಕ್ಕಿಂತ ಹೆಚ್ಚಾಗಿ, ಬಳಸಿದ ನೀರನ್ನೂ ಶೌಚದ ತೊಟ್ಟಿಯನ್ನೂ ಖಾಲಿ ಮಾಡಲು ಗೊತ್ತಾದ ಸ್ಥಳ ಬೇಕು. ಅಂತಹ ಏರ್ಪಾಡಿಲ್ಲದ ಕಡೆ ಅದು ನಾಲೆಗೋ ಹಳ್ಳಕ್ಕೋ ಸೇರುವ ಸಂಭವವಿದೆ. ಎತ್ತಿನಗಾಡಿ ಬಿಟ್ಟುಹೋಗುತ್ತಿದ್ದುದು ಸಗಣಿ ಮತ್ತು ಒಲೆಯ ಬೂದಿ ಮಾತ್ರ, ಎರಡನ್ನೂ ಆ ಹೊಲದವನು ಬೇಡವೆನ್ನುತ್ತಿರಲಿಲ್ಲ.

ಇಂದಿನ ಸ್ಥಿತಿ

ಹರಕೆ ಹೊತ್ತ ಕೆಲವು ಊರುಗಳ ರೈತರು ಈಗಲೂ ಗಾಡಿಗಳನ್ನು ಸಿಂಗರಿಸಿಕೊಂಡು ಮುತ್ತತ್ತಿ, ಕಪ್ಪಡಿ, ಚಿಕ್ಕಲ್ಲೂರುಗಳಿಗೆ ಹೊರಡುತ್ತಾರೆ. ಹಿಂದಿನಂತೆ ಇಡೀ ಸಂಸಾರ ಗಾಡಿಯಲ್ಲಿ ಹೋಗುವುದು ಕಡಿಮೆಯಾಗಿದೆ. ಗಂಡಸರು ಗಾಡಿ ಹೊಡೆದುಕೊಂಡು ಮುಂಚಿತವಾಗಿ ಹೊರಟರೆ, ಹೆಂಗಸರು, ಮಕ್ಕಳು, ವಯಸ್ಸಾದವರು ಬಸ್ಸು ಅಥವಾ ಟೆಂಪೋಗಳಲ್ಲಿ ನೇರವಾಗಿ ಕ್ಷೇತ್ರಕ್ಕೆ ಬಂದು ಬಿಡಾರವನ್ನು ಸೇರಿಕೊಳ್ಳುತ್ತಾರೆ. ಗಾಡಿಯ ಸಾಲಿನ ಹಿಂದೆ ಹುಲ್ಲು, ನೀರಿನ ಡ್ರಮ್ಮು, ಅಡುಗೆಯ ಪಾತ್ರೆಗಳನ್ನು ಹೇರಿಕೊಂಡ ಟ್ರ್ಯಾಕ್ಟರೊಂದು ಎತ್ತಿನ ವೇಗದಲ್ಲೇ ಸಾಗುವ ನೋಟವೂ ಕಾಣಸಿಗುತ್ತದೆ.